ವಿವಾಹ ಸಂಸ್ಕಾರದಲ್ಲಿ ಸಂಗೀತದ ಆಯ್ಕೆ: ಮೈಸೂರು ಸೀಮೆಯ ಚರಿತ್ರೆಯ ಬೆಳಕಿನಲ್ಲಿ

ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವಿದೆ. ಅಲ್ಲಿನ ಒಂದು ಮಂಟಪವನ್ನು ಜನರು 'ಹದಿನಾರು ಮುಖದ ಚಾವಡಿ' ಎಂದು ಕರೆಯುತ್ತಾರೆ. ಊರನ್ನು ಆಳುತ್ತಿದ್ದ ದಣ್ಣಾಯಕನಿಗೆ ಹದಿನಾರು ಮಂದಿ ಅಳಿಯಂದಿರಿದ್ದರೆಂದೂ, ಒಬ್ಬೊಬ್ಬರಿಗೂ ಒಂದೊಂದು ಆಸನವಿರಲೆಂದು ಅದನ್ನು ಕಟ್ಟಿಸಿದನೆಂದೂ ಐತಿಹ್ಯ. ಐತಿಹ್ಯದ ಸತ್ಯಾಸತ್ಯತೆ ನಮ್ಮ ವಿಷಯವಲ್ಲ. ಆದರೆ ಈ ನೆಲದ ಜನರು ವಿವಾಹವನ್ನು ಹೇಗೆ ಕಂಡರೆಂಬುದನ್ನು ಅದು ಚೆನ್ನಾಗಿ ಹೇಳುತ್ತದೆ: ಮದುವೆಯೆಂದರೆ ಇಬ್ಬರು ಒಂದಾಗುವುದು ಮಾತ್ರವಲ್ಲ, ಹೊಸ ನಂಟರಿಗೆ ತಕ್ಕ ಸ್ಥಾನವನ್ನು ಕೊಟ್ಟು ಕೂರಿಸುವುದೂ ಹೌದು. ಹಾಗೆ ಕರೆದು ಕೂರಿಸುವ ಕೆಲಸವನ್ನು ಈ ಸೀಮೆಯಲ್ಲಿ ಬಹುಮಟ್ಟಿಗೆ ಹಾಡು ಮತ್ತು ವಾದ್ಯಗಳೇ ಮಾಡುತ್ತ ಬಂದಿವೆ.

ವಿವಾಹ ಸಿದ್ಧತೆಗೆ ಬರುವ ಜೋಡಿಗಳೊಡನೆ ಧರ್ಮಕೇಂದ್ರದ ಗುರುಗಳು ನಡೆಸುವ ಮಾತುಕತೆಯಲ್ಲಿ ಸಂಗೀತಕ್ಕೆ ಸಿಗುವ ಸಮಯ ಅತ್ಯಲ್ಪ. ಮನಸ್ತಾಪ ಹುಟ್ಟುವುದು ಮಾತ್ರ ಬಹುಪಾಲು ಅದರಿಂದಲೇ. ಜೋಡಿ ಒಂದು ಪಟ್ಟಿ ತರುತ್ತದೆ, ಗಾನವೃಂದದವರು ಇನ್ನೊಂದು ಪಟ್ಟಿ ಇಟ್ಟುಕೊಂಡಿರುತ್ತಾರೆ, ಅಜ್ಜಿಯ ಮನಸ್ಸಿನಲ್ಲಿ ಮೂರನೆಯದೊಂದಿರುತ್ತದೆ. ಗುರುಗಳು 'ಇದು ಸಲ್ಲುತ್ತದೆ, ಅದು ಸಲ್ಲದು' ಎಂದು ತೀರ್ಪು ಕೊಡುತ್ತಾರೆ. ಆ ತೀರ್ಪಿನ ಹಿಂದೆ ದೀರ್ಘವಾದ ಚರಿತ್ರೆಯಿದೆ. ಅದನ್ನರಿಯದೆ ತೀರ್ಪು ಕೊಟ್ಟರೆ ನಾವು ಧರ್ಮಸಭೆಯ ಮನಸ್ಸನ್ನು ನುಡಿಯುವ ಬದಲು ಹಿಂದಿನವರ ಭಯವನ್ನೋ ಅಭಿರುಚಿಯನ್ನೋ ನುಡಿಯುವ ಅಪಾಯವಿದೆ. ಆ ಚರಿತ್ರೆಯ ಕೆಲವು ಘಟ್ಟಗಳನ್ನು ಮೈಸೂರು ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸೋಬಾನೆ ಮತ್ತು ಓಲಗ

ಹಳೆಯ ಮೈಸೂರಿನ ಹಳ್ಳಿಯ ಮದುವೆಯಲ್ಲಿ ಎರಡು ಬಗೆಯ ಸಂಗೀತವಿತ್ತು. ಒಂದು, ಹೆಂಗಸರ ಸೋಬಾನೆ ಪದ. 'ಶೋಭನ' ಎಂಬ ಮಾತೇ ಜನರ ಬಾಯಲ್ಲಿ ಸೋಬಾನೆಯಾಗಿದೆ. ಎಣ್ಣೆ ಅರಿಶಿನಕ್ಕೊಂದು ಹಾಡು, ಹಸೆಗೆ ಕರೆಯುವುದಕ್ಕೊಂದು, ಧಾರೆಗೊಂದು, ಆರತಿಗೊಂದು, ಬೀಗರನ್ನು ಹಂಗಿಸುವುದಕ್ಕೊಂದು, ಕೊನೆಗೆ ಹೆಣ್ಣೊಪ್ಪಿಸುವಾಗ ಒಂದು. ಹಾಡು ಶಾಸ್ತ್ರಕ್ಕೆ ಅಲಂಕಾರವಾಗಿರಲಿಲ್ಲ. ಹಾಡು ಎತ್ತಿದಾಗಲೇ ಶಾಸ್ತ್ರ ನಡೆಯುತ್ತಿತ್ತು. ಮುಂದೇನು, ಈಗ ಯಾರು ಬರಬೇಕು, ಯಾರನ್ನು ಹೆಸರಿಡಿದು ಕರೆಯಬೇಕು ಎಂಬುದನ್ನು ಹಾಡುವ ಹಿರಿಯಳು ಬಲ್ಲಳು. ಅಕ್ಷರವನ್ನು ಕಲಿಯದಿದ್ದರೂ ವಿಧಿಯ ಕ್ರಮವನ್ನು ಕಾಯುತ್ತಿದ್ದವಳು ಅವಳೇ.

ಇನ್ನೊಂದು, ಗಂಡಸರ ವಾದ್ಯ: ನಾದಸ್ವರ, ಡೋಲು, ಶ್ರುತಿ ಸೇರಿದ ಓಲಗ, ಮೆರವಣಿಗೆಗೆ ತಮಟೆ. ತಾಳಿ ಕಟ್ಟುವ ಕ್ಷಣದಲ್ಲಿ ಗಟ್ಟಿಮೇಳ ಮೊಳಗುತ್ತದೆ. ಆ ಗಳಿಗೆಯಲ್ಲಿ ಸೀನು, ಅಳು, ಕೆಡುನುಡಿ ಯಾವುದೂ ಕಿವಿಗೆ ಬೀಳದಿರಲಿ ಎಂಬುದು ಅದರ ಉದ್ದೇಶ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಸೋಬಾನೆ ಮಾತನ್ನು ಹೊತ್ತು ತರುತ್ತದೆ. ಗಟ್ಟಿಮೇಳ ಮಾತನ್ನು ಮುಚ್ಚುತ್ತದೆ. ಮುಂದಿನ ಚರ್ಚೆಗೆ ಈ ಭೇದ ಮುಖ್ಯವಾದುದು.

ಧರ್ಮಗ್ರಂಥದಿಂದ ಟ್ರೆಂಟ್ ಮಹಾಸಭೆಯವರೆಗೆ

ಧರ್ಮಗ್ರಂಥವು ಮದುವೆಯ ಸದ್ದಿಗೆ ಅಪರಿಚಿತವಲ್ಲ. 45ನೆಯ ಕೀರ್ತನೆ ರಾಜವಿವಾಹದ ಗೀತೆ. ಪ್ರವಾದಿ ಯೆರೆಮೀಯನಿಗೆ ವಧೂವರರ ದನಿ ನಿಂತುಹೋಗುವುದೇ ನಾಡು ಹಾಳಾದುದರ ಗುರುತು. ಆ ದನಿ ಮರಳಿ ಕೇಳಿಸುವುದೇ ಸರ್ವೇಶ್ವರನ ಕೃಪೆ ಮರಳಿದುದರ ಗುರುತು. ಮಕ್ಕಬಿಯರ ಮೊದಲನೆಯ ಗ್ರಂಥದ 9ನೆಯ ಅಧ್ಯಾಯದಲ್ಲಿ ಬರುವ ದಿಬ್ಬಣವೊಂದು ವಾದ್ಯಗಳೊಡನೆ ಹೊರಟು ರಕ್ತಪಾತದಲ್ಲಿ ಮುಗಿಯುತ್ತದೆ. ಕಾನಾ ಊರಿನ ಮದುವೆಯ ವೃತ್ತಾಂತದಲ್ಲಿ ಸಂತ ಯೊವಾನ್ನರು ವಾದ್ಯದ ಮಾತನ್ನೇ ಎತ್ತುವುದಿಲ್ಲ.

ಆದಿ ಧರ್ಮಸಭೆಯ ಧೋರಣೆ ಬಹುಪಾಲು ಎಚ್ಚರಿಕೆಯದು. 4ನೆಯ ಶತಮಾನದ ಲವೊದಿಕೀಯ ಸಭೆ ಮದುವೆಗೆ ಹೋದ ಕ್ರೈಸ್ತರು ಕುಣಿಯದೆ ಮರ್ಯಾದೆಯಿಂದ ಉಂಡು ಬರಬೇಕೆಂದು 53ನೆಯ ನಿಯಮದಲ್ಲಿ ವಿಧಿಸಿತು. ಸಂತ ಯೊವಾನ್ನ ಕ್ರಿಸೋಸ್ತೋಮರು ಕೊಲೊಸ್ಸೆಯರಿಗೆ ಬರೆದ ಪತ್ರದ ಮೇಲಿನ 12ನೆಯ ಪ್ರಬೋಧನೆಯಲ್ಲಿ ಕೊಳಲು, ತಾಳ, ಕುಣಿತಗಳನ್ನು ಬಲವಾಗಿ ಖಂಡಿಸಿ, ಅವುಗಳ ಬದಲು ಕ್ರಿಸ್ತರನ್ನು ಮದುವೆಗೆ ಆಹ್ವಾನಿಸಬೇಕೆಂದರು. ಅವರ ಖಂಡನೆಯನ್ನು ವಾದ್ಯದ ಮೇಲಿನ ದ್ವೇಷವೆಂದಷ್ಟೇ ಓದಿದರೆ ಸಾಲದು. ಮದುವೆಯ ಬೀದಿಯಲ್ಲಿ ಅಶ್ಲೀಲ ಹಾಡಿಗೆ ತಲೆ ತಗ್ಗಿಸಿ ನಡೆಯಬೇಕಾದ ಹೆಣ್ಣುಮಗಳ ಮಾನದ ಕಳಕಳಿಯೂ ಅದರಲ್ಲಿದೆ.

ಈ ನಡುವೆ ಪಶ್ಚಿಮದ ಧರ್ಮಸಭೆಯಲ್ಲಿ ಇನ್ನೊಂದು ಎಳೆ ಗಟ್ಟಿಯಾಯಿತು. 866ರಲ್ಲಿ ಒಂದನೇ ನಿಕೋಲಾಸ್ ಪೋಪರು ಬಲ್ಗೇರಿಯದವರ ಪ್ರಶ್ನೆಗಳಿಗೆ ಉತ್ತರಿಸುತ್ತ ಉಂಗುರ, ಕಿರೀಟ ಮುಂತಾದ ಆಚಾರಗಳನ್ನು ವಿವರಿಸಿ, ಇವು ಇಲ್ಲದಿದ್ದರೂ ಪಾಪವಿಲ್ಲ, ಅವಶ್ಯವಾದುದು ಪರಸ್ಪರ ಸಮ್ಮತಿಯೊಂದೇ ಎಂದರು. 1563ರ ನವೆಂಬರ್ 11ರಂದು ಟ್ರೆಂಟ್ ಮಹಾಸಭೆ ಹೊರಡಿಸಿದ 'ತಾಮೆತ್ಸಿ' ಆಜ್ಞೆ ಗುಟ್ಟಿನ ಮದುವೆಗಳಿಗೆ ತಡೆ ಹಾಕಿ, ಸಾಕ್ಷಿಗಳ ಮುಂದೆ ಗುರು ವಧೂವರರನ್ನು ಪ್ರಶ್ನಿಸಿ ಅವರ ಸಮ್ಮತಿಯನ್ನು ತಿಳಿದುಕೊಳ್ಳಬೇಕೆಂದು ಗೊತ್ತುಮಾಡಿತು. ಅದೇ ಆಜ್ಞೆ ಪ್ರಾಂತಗಳಲ್ಲಿರುವ ಶ್ಲಾಘ್ಯವಾದ ಸಂಪ್ರದಾಯಗಳನ್ನು ಉಳಿಸಿಕೊಳ್ಳಬೇಕೆಂದೂ ಬಯಸಿತು. ಸಮ್ಮತಿ ಕೇಳಿಸಬೇಕು, ಸ್ಥಳೀಯ ಸಂಪ್ರದಾಯ ಉಳಿಯಬೇಕು ಎಂಬ ಈ ಎರಡು ಮಾತುಗಳೂ ಒಂದೇ ಆಜ್ಞೆಯಲ್ಲಿವೆ. ನಮ್ಮ ನಾಡಿಗೆ ಬಂದಾಗ ಮೊದಲನೆಯದು ಉಳಿಯಿತು. ಎರಡನೆಯದು ಪರೀಕ್ಷೆಗೆ ಒಳಗಾಯಿತು.

1704: ಹೊಸ್ತಿಲಲ್ಲಿ ನಿಂತ ವಾದ್ಯಗಾರ

17ನೆಯ ಶತಮಾನದ ಮಧ್ಯಭಾಗದಲ್ಲಿ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಬುನಾದಿ ಹಾಕಿದರು. ಕನ್ನಡವನ್ನು ಕಲಿತು, ಅದರಲ್ಲಿ ಬರೆದು, ನಾಡಿನ ರೀತಿನೀತಿಗಳನ್ನು ಸಾಧ್ಯವಾದಷ್ಟೂ ಉಳಿಸಿಕೊಳ್ಳುವ ಮಾರ್ಗವನ್ನು ಅವರು ಹಿಡಿದರು. ಮಧುರೆಯಲ್ಲಿ ದೆ ನೊಬಿಲಿಯವರು ಹಾಕಿಕೊಟ್ಟ ಮಾರ್ಗವೂ ಅದೇ.

ಈ ಮಾರ್ಗದ ಮೇಲೆ ಬಂದ ದೂರುಗಳ ಫಲವಾಗಿ ಪೋಪರ ಪ್ರತಿನಿಧಿ ಚಾರ್ಲ್ಸ್ ದೆ ತೂರ್ನೊನ್ 1704ರ ಜೂನ್ 23ರಂದು ಪುದುಚೇರಿಯಲ್ಲಿ ಒಂದು ಆಜ್ಞೆಗೆ ಸಹಿ ಹಾಕಿದರು. ಮಧುರೆ, ಮೈಸೂರು, ಕರ್ನಾಟಿಕ್ ಮಿಷನ್ನುಗಳಿಗೆ ಅನ್ವಯವಾದ ಆ ಆಜ್ಞೆಯಲ್ಲಿ ಮದುವೆಗೆ ಸಂಬಂಧಿಸಿದ ವಿಧಿಗಳು ಗಣನೀಯ. ಪಿಳ್ಳೆಯಾರ್ ಮೂರ್ತಿಯಿದ್ದ ತಾಳಿ ನಿಷಿದ್ಧವಾಯಿತು. ಶಿಲುಬೆಯ ಅಥವಾ ಪ್ರಭುವಿನ, ಮಾತೆಯ ಚಿತ್ರದ ತಾಳಿಗೆ ಅವಕಾಶ ದೊರೆಯಿತು. 108 ಎಳೆಗಳ ಅರಿಶಿನ ದಾರ, ಮದುವೆಯಲ್ಲಿ ತೆಂಗಿನಕಾಯಿ ಒಡೆಯುವುದು ಮುಂತಾದವು ನಿಂತವು. ಅದೇ ಆಜ್ಞೆ ಡೋಲು, ಕೊಳಲು ಬಾರಿಸುವ ಕ್ರೈಸ್ತರು ಅನ್ಯದೇವಾಲಯಗಳ ಉತ್ಸವಗಳಿಗೆ ಹೋಗಿ ನುಡಿಸಬಾರದೆಂದು ವಿಧಿಸಿತು.

ತಾಳಿಯ ವಿಷಯದಲ್ಲಿ ತೂರ್ನೊನ್ ಒಂದು ವಿವೇಕದ ದಾರಿ ಹಿಡಿದರೆಂದು ಹೇಳಬಹುದು: ವಸ್ತುವನ್ನು ಉಳಿಸಿ ಗುರುತನ್ನು ಬದಲಿಸಿದರು. ಇಂದು ನಮ್ಮ ವಧುಗಳ ಕೊರಳಲ್ಲಿರುವ ಶಿಲುಬೆಯ ತಾಳಿಗೆ ಆ ಮಾರ್ಗವೇ ದಾರಿ ಮಾಡಿಕೊಟ್ಟಿತು. ಆದರೆ ವಾದ್ಯಗಾರನ ವಿಷಯದಲ್ಲಿ ಅಂಥ ದಾರಿಯನ್ನು ಹುಡುಕಲಿಲ್ಲ. ವಾದ್ಯ ಬಾರಿಸುವುದು ಅವನಿಗೆ ಭಕ್ತಿಯ ಪ್ರಶ್ನೆಗಿಂತ ಹೆಚ್ಚಾಗಿ ಜಾತಿ ಹೊರಿಸಿದ ಕಸುಬು ಮತ್ತು ಅನ್ನದ ಪ್ರಶ್ನೆ. 'ಅಲ್ಲಿ ನುಡಿಸಬೇಡ' ಎಂದ ಧರ್ಮಸಭೆ 'ಇಲ್ಲಿ ಬಂದು ನುಡಿಸು' ಎಂದು ಆ ಆಜ್ಞೆಯಲ್ಲಿ ಹೇಳಲಿಲ್ಲ. 1744ರ ಸೆಪ್ಟೆಂಬರ್ 12ರಂದು ಹದಿನಾಲ್ಕನೇ ಬೆನೆಡಿಕ್ಟ್ ಪೋಪರು 'ಓಮ್ನಿಯುಮ್ ಸೊಲ್ಲಿಚಿತುದಿನುಮ್' ಪತ್ರದ ಮೂಲಕ ವಿವಾದಕ್ಕೆ ಮುಕ್ತಾಯ ಹಾಡಿದರು. ಮಿಷನರಿಗಳು ತೆಗೆದುಕೊಳ್ಳಬೇಕಾಗಿದ್ದ ಪ್ರಮಾಣ 1940ರವರೆಗೂ ಜಾರಿಯಲ್ಲಿತ್ತು.

ಕರಾವಳಿಯ ಕೊಂಕಣಿ ಕ್ರೈಸ್ತರ ಅನುಭವವೂ ಇದಕ್ಕೆ ಸಮೀಪವಾದುದು. ಗೋವೆಯ ಧರ್ಮವಿಚಾರಣಾ ಮಂಡಲಿ 1736ರ ಶಾಸನದಲ್ಲಿ ಮದುವೆಯ ಹಲವು ಆಚಾರಗಳನ್ನು ನಿಷೇಧಿಸಿತು. ಓವಿ ಹಾಡುಗಳೂ ಅದರಲ್ಲಿ ಸೇರಿದ್ದವು. ಆದರೂ ಮಂಗಳೂರಿನ ಕಥೋಲಿಕ ಮನೆಗಳಲ್ಲಿ ರೋಸ್ ಶಾಸ್ತ್ರದಂದು ತೆಂಗಿನ ಹಾಲು ಹಚ್ಚುವಾಗ ಹೆಂಗಸರು ಇಂದಿಗೂ ಓವಿ ಹಾಡುತ್ತಾರೆ. ನಿಷೇಧವು ಹಾಡನ್ನು ಕೊಲ್ಲಲಿಲ್ಲ. ಹಾಡು ಮನೆಯಲ್ಲಿ ಉಳಿಯಿತು, ಸಂಸ್ಕಾರ ದೇವಾಲಯದಲ್ಲಿ ಉಳಿಯಿತು. ಇವೆರಡರ ನಡುವಿನ ಅಂತರವೇ ನಮಗೆ ಬಂದ ಬಳುವಳಿ.

ಅಬ್ಬೆ ದುಬ್ವಾ ಕಂಡ ಓಲಗ

ಯೇಸುಸಭೆ 1773ರಲ್ಲಿ ವಿಸರ್ಜನೆಯಾದ ಮೇಲೆ ಮೈಸೂರು ಮಿಷನ್ ಪ್ಯಾರಿಸ್ಸಿನ ವಿದೇಶ ಮಿಷನ್ ಸಭೆಯ ಕೈಸೇರಿತು. ಆ ಸಭೆಯ ಅಬ್ಬೆ ಜೀನ್ ಆಂತ್ವಾನ್ ದುಬ್ವಾ ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದ ಸುತ್ತಣ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಿದರು. 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಅವರ ಹೆಸರಿನ ಪ್ರಸಿದ್ಧ ಗ್ರಂಥದ ಬಹುಭಾಗ ಯೇಸುಸಭೆಯ ಕೋರ್ದೂ ಅವರ ಬರಹವನ್ನು ಆಧರಿಸಿದ್ದೆಂದು ಸಂಶೋಧಕರು ತೋರಿಸಿದ್ದಾರೆ. ಹಾಗಿದ್ದರೂ ಅದರಲ್ಲಿನ ಒಂದು ಅವಲೋಕನ ನಮಗೆ ಉಪಯುಕ್ತ: ಊದುವ ವಾದ್ಯಕ್ಕೆ ಎಂಜಲು ತಗಲುವುದರಿಂದ ಮೇಲ್ಜಾತಿಯವರು ಅದನ್ನು ಮುಟ್ಟರು, ಆ ಕೆಲಸ ಕೆಳಗಿನವರ ಪಾಲಿನದು. ಹಾಗೆಯೇ ನಮ್ಮ ಸೀಮೆಯಲ್ಲಿ ಓಲಗ ಕ್ಷೌರಿಕರ ಕಸುಬಾಗಿಯೂ, ತಮಟೆ ದಲಿತರ ಕಸುಬಾಗಿಯೂ ನಡೆದು ಬಂದವು. ನಾದ ಎಲ್ಲರಿಗೂ ಬೇಕು, ನುಡಿಸುವವನು ಚಪ್ಪರದ ಹೊರಗೆ.

1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ದುಬ್ವಾ ದೇಶೀಯ ಕ್ರೈಸ್ತರ ಮೆರವಣಿಗೆಗಳಲ್ಲಿ ಮೊಳಗುವ ತಮಟೆ, ಕಹಳೆಗಳನ್ನು ಬೇಸರದಿಂದ ವರ್ಣಿಸಿದರು. ಅವರ ಬೇಸರ ನಮಗೆ ಒಂದು ಸಾಕ್ಷ್ಯ: ಆಜ್ಞೆಗಳಿದ್ದರೂ ಜನರ ವಾದ್ಯ ನಿಂತಿರಲಿಲ್ಲ. ಅದು ಗರ್ಭಗುಡಿಯ ಮುಂದೆ ಮೌನವಾಗಿ, ಬೀದಿಯಲ್ಲಿ ಮೊಳಗುತ್ತಿತ್ತು.

1858 ಮತ್ತು 1903

ಇತ್ತ ಮದುವೆಯ ಇನ್ನೊಂದು ಸಂಗೀತ ಹುಟ್ಟುತ್ತಿತ್ತು. ಮೆಂಡೆಲ್ಸನ್ 1842ರಲ್ಲಿ ಷೇಕ್ಸ್‌ಪಿಯರನ ನಾಟಕವೊಂದಕ್ಕಾಗಿ ವಿವಾಹದ ನಡೆಯನ್ನು ರಚಿಸಿದರು. ವಾಗ್ನರ್ ಅವರ 'ಲೋಹೆನ್‌ಗ್ರಿನ್' ಗೀತನಾಟಕ 1850ರಲ್ಲಿ ರಂಗವೇರಿತು. ಅದರ ವಧೂಗೀತೆ ಪ್ರಸಿದ್ಧವಾಯಿತು. 1858ರ ಜನವರಿ 25ರಂದು ವಿಕ್ಟೋರಿಯಾ ರಾಣಿಯ ಹಿರಿಯ ಮಗಳ ಮದುವೆಯಲ್ಲಿ ಇವು ಮೊಳಗಿದ ಮೇಲೆ ಆಂಗ್ಲರ ಮದುವೆಗಳಿಗೆಲ್ಲ ಮಾದರಿಯಾದವು. ಅವರ ಸಾಮ್ರಾಜ್ಯದೊಡನೆ ದಂಡುಪ್ರದೇಶಗಳಿಗೂ ಚರ್ಚುಗಳಿಗೂ ಬಂದವು. ಮೈಸೂರಿನಲ್ಲಿ ಅರಮನೆಯೇ ಪಾಶ್ಚಾತ್ಯ ಸಂಗೀತಕ್ಕೆ ಆಶ್ರಯ ಕೊಟ್ಟಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಓಟ್ಟೊ ಷ್ಮಿಟ್ ಅರಮನೆಯ ಬ್ಯಾಂಡಿನ ನಿರ್ದೇಶಕರಾಗಿದ್ದರು. ಆದುದರಿಂದ ಈ ಸಂಗೀತವನ್ನು ಪರಕೀಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲಾಗದು. ಆದರೆ ಒಂದು ನಾಟಕಶಾಲೆಯಿಂದಲೂ ಇನ್ನೊಂದು ಗೀತನಾಟಕದಿಂದಲೂ ಬಂದವೆಂಬುದನ್ನೂ, ಲೋಹೆನ್‌ಗ್ರಿನ್ ಕಥೆಯಲ್ಲಿ ಆ ವಿವಾಹ ಅದೇ ರಾತ್ರಿ ಮುರಿದುಬೀಳುತ್ತದೆಂಬುದನ್ನೂ ಮರೆಯಬಾರದು.

1903ರ ನವೆಂಬರ್ 22ರಂದು ಹತ್ತನೇ ಪಯಸ್ ಪೋಪರು ಹೊರಡಿಸಿದ ಸಂಗೀತದ ಶಾಸನದ ಗುರಿ ಇಂಥ ರಂಗಸಂಗೀತವೇ ಆಗಿತ್ತು. ಇಟಲಿಯ ದೇವಾಲಯಗಳಿಗೆ ನುಗ್ಗಿದ್ದ ಗೀತನಾಟಕದ ಧಾಟಿಯನ್ನು ಹೊರಹಾಕಿ ಗ್ರೆಗೊರಿಯ ಗಾನಕ್ಕೆ ಮೊದಲ ಸ್ಥಾನ ಕೊಡುವುದು ಅವರ ಇಚ್ಛೆ. ಪಿಯಾನೊ, ಡೋಲು, ತಾಳಗಳನ್ನು ದೇವಾಲಯದೊಳಗೆ ನಿಷೇಧಿಸಿದರು. ಬ್ಯಾಂಡನ್ನು ಹೊರಗಿನ ಮೆರವಣಿಗೆಗೆ ಮಾತ್ರ, ಧರ್ಮಾಧ್ಯಕ್ಷರ ಅಪ್ಪಣೆಯೊಡನೆ ಒಪ್ಪಿದರು. ಗಾಯಕರದು ದೈವಾರಾಧನೆಯ ಪದವಿಯಾದುದರಿಂದ ಸ್ತ್ರೀಯರು ಗಾನವೃಂದದಲ್ಲಿ ಇರಕೂಡದೆಂದರು. ಈ ಶಾಸನ ನಮ್ಮ ಸೀಮೆಯಲ್ಲಿ ಬೀರಿದ ಪರಿಣಾಮ ವಿಪರ್ಯಾಸದ್ದು. ಡೋಲು ಹೊಸ್ತಿಲಲ್ಲಿ ನಿಂತಿತು. ಮದುವೆಯ ಹಾಡಿನ ಯಜಮಾನಿಯಾಗಿದ್ದ ಹೆಂಗಸು ದೇವಾಲಯದಲ್ಲಿ ಬರಿಯ ಕೇಳುಗಳಾದಳು. ಶಾಸನದ ನಿಜವಾದ ಗುರಿಯಾಗಿದ್ದ ಗೀತನಾಟಕದ ನಡೆ ಮಾತ್ರ ಹಾರ್ಮೋನಿಯಂ, ಆರ್ಗನ್ನುಗಳ ಮೇಲೆ ಕುಳಿತು ಒಳಗೆ ಬಂದಿತು.

ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ

1963ರ ಡಿಸೆಂಬರ್ 4ರ ದೈವಾರಾಧನಾ ಸಂವಿಧಾನ ಈ ಚಿತ್ರವನ್ನು ಬದಲಾಯಿಸಿತು. ತಮ್ಮದೇ ಸಂಗೀತ ಪರಂಪರೆಯುಳ್ಳ ಜನಾಂಗಗಳ ಸಂಗೀತಕ್ಕೆ ತಕ್ಕ ಗೌರವ ಸಲ್ಲಬೇಕೆಂದು 119ನೆಯ ವಿಧಿ ಹೇಳಿತು. ಪವಿತ್ರ ಬಳಕೆಗೆ ಯೋಗ್ಯವಾದ ಇತರ ವಾದ್ಯಗಳಿಗೆ 120ನೆಯ ವಿಧಿ ಬಾಗಿಲು ತೆರೆಯಿತು. ಟ್ರೆಂಟ್ ಸಭೆಯ ಮಾತನ್ನೇ ನೆನಪಿಸಿ 77ನೆಯ ವಿಧಿ ವಿವಾಹದ ಶ್ಲಾಘ್ಯ ಸಂಪ್ರದಾಯಗಳನ್ನು ಉಳಿಸಿಕೊಳ್ಳಲು ಬಯಸಿತು. 1969ರಲ್ಲಿ ಹೊಸ ವಿವಾಹ ವಿಧಿ ಪ್ರಕಟವಾಯಿತು. ಅದೇ ವರ್ಷ ಭಾರತದ ದೈವಾರಾಧನೆಗೆ ಹನ್ನೆರಡು ಅಂಶಗಳ ಹೊಂದಾಣಿಕೆಗೆ ಒಪ್ಪಿಗೆ ದೊರೆಯಿತು. ಬೆಂಗಳೂರಿನ ಎನ್‌ಬಿಸಿಎಲ್‌ಸಿ ಸಂಸ್ಥೆಯನ್ನು ಕಟ್ಟಿ, ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿದ ಡಿ. ಎಸ್. ಅಮಲೋರ್‌ಪವದಾಸ್ ಈ ಕಾರ್ಯದ ಮುಂದಾಳು. ಆರತಿ, ದೀಪ, ಭಜನೆ ನಮ್ಮ ಆರಾಧನೆಯಲ್ಲಿ ಸಹಜವಾದದ್ದು ಈ ಪೀಳಿಗೆಯ ಶ್ರಮದಿಂದ.

ಆದರೆ ಈ ದೇಶೀಕರಣವು ಆರಿಸಿಕೊಂಡ 'ದೇಶ' ಯಾವುದು? ಸಂಸ್ಕೃತ ಮಂತ್ರ, ಶಾಸ್ತ್ರೀಯ ರಾಗ, ಆಶ್ರಮದ ಭಜನೆ. ಇದು ಮೇಲ್ವರ್ಗದ ಭಾರತವೆಂದು ದಲಿತ ದೇವಶಾಸ್ತ್ರಜ್ಞರು ಎತ್ತಿದ ಆಕ್ಷೇಪ ತಳ್ಳಿಹಾಕುವಂಥದಲ್ಲ. ಸೋಬಾನೆಯಾಗಲಿ ತಮಟೆಯಾಗಲಿ ಆ ಆಯ್ಕೆಯಲ್ಲಿ ಮುಂದೆ ಬರಲಿಲ್ಲ. 1704ರಲ್ಲಿ ಅನ್ಯಧರ್ಮದ ನಂಟಿನ ಭಯದಿಂದ, 1903ರಲ್ಲಿ ಶುದ್ಧಿಯ ಕಾಳಜಿಯಿಂದ, 1969ರ ನಂತರ ಸಂಸ್ಕಾರವಂತ ಅಭಿರುಚಿಯಿಂದ, ಕಾರಣಗಳು ಬೇರೆಬೇರೆಯಾದರೂ ಹೊಸ್ತಿಲ ಹೊರಗೆ ಉಳಿದವರು ಅವರೇ: ಹಾಡುವ ಹೆಂಗಸು ಮತ್ತು ಬಾರಿಸುವ ಬಡವ.

ಹಾಗೆಂದು ನಾಳೆಯೇ ತಮಟೆಯನ್ನು ಒಳಗೆ ತಂದರೆ ಸಮಸ್ಯೆ ಬಗೆಹರಿಯುವುದಿಲ್ಲ. ಹಲವು ದಲಿತ ಕ್ರೈಸ್ತ ಕುಟುಂಬಗಳಿಗೆ ತಮಟೆಯನ್ನು ಕೆಳಗಿಟ್ಟದ್ದೇ ವಿಮೋಚನೆಯ ನೆನಪು. ಊರಿನ ಹೆಣಕ್ಕೂ ಹಬ್ಬಕ್ಕೂ ಬಿಟ್ಟಿಯಾಗಿ ಬಾರಿಸಬೇಕಾಗಿದ್ದ ಕೈಗಳು ಜ್ಞಾನಸ್ನಾನದ ಬಳಿಕ ಅದನ್ನು ಬಿಟ್ಟವು. ಸತ್ಯನಾಥನ್ ಕ್ಲಾರ್ಕ್ 1998ರ ತಮ್ಮ ಗ್ರಂಥದಲ್ಲಿ ತಮಿಳುನಾಡಿನ ಪರೆಯರ ಪರೆಯನ್ನು ಕ್ರಿಸ್ತರ ಸಂಕೇತವಾಗಿ ಓದಿದರು. ಅದು ಆಳವಾದ ಚಿಂತನೆ; ಆದರೆ ಆ ಓದನ್ನು ಗುರುಗಳು ಜನರ ಮೇಲೆ ಹೇರಲಾಗದು. ವಾದ್ಯವನ್ನು ಮರಳಿ ಎತ್ತಿಕೊಳ್ಳುವ ಹಕ್ಕು ಅದನ್ನು ಕೆಳಗಿಟ್ಟವರದು.

ಆಯ್ಕೆಯ ಮಾನದಂಡ

ಈ ಚರಿತ್ರೆಯಿಂದ ನಮಗೆ ಸಿಗುವ ಮಾನದಂಡ ಯಾವುದು? ವಾದ್ಯ ಯಾವ ಧರ್ಮದ್ದು, ಯಾವ ದೇಶದ್ದು ಎಂಬ ಪ್ರಶ್ನೆಯಿಂದ ಹೊರಟವರು ಪದೇ ಪದೇ ಎಡವಿದ್ದಾರೆ. ನಂಟುಗಳು ಕಾಲದೊಡನೆ ಬದಲಾಗುತ್ತವೆ. ಅಂದಿನ ಅನ್ಯ ಇಂದಿನ ಆಪ್ತವಾಗುತ್ತದೆ. ವಿಧಿಯೇ ಕೇಳುವ ಪ್ರಶ್ನೆ ಬೇರೆ: ಈ ಕ್ಷಣದಲ್ಲಿ ಈ ಸದ್ದು ಏನು ಮಾಡುತ್ತಿದೆ?

ಲತೀನ್ ಪರಂಪರೆಯ ಬೋಧನೆಯಂತೆ ವಧೂವರರೇ ಈ ಸಂಸ್ಕಾರದ ದಾತರು. ಅವರ ಸಮ್ಮತಿಯ ನುಡಿಯೇ ವಿವಾಹವನ್ನು ಉಂಟುಮಾಡುತ್ತದೆ. ಆದುದರಿಂದ ಸಮ್ಮತಿಯ ಕ್ಷಣದಲ್ಲಿ ಯಾವ ವಾದ್ಯವೂ ನುಡಿಯಬಾರದು, ಹಿನ್ನೆಲೆಯ ಮೆಲುದನಿಯಲ್ಲಿಯೂ ಕೂಡ. ಕೀಬೋರ್ಡಿನಲ್ಲಿ ಗಟ್ಟಿಮೇಳವನ್ನು ಅನುಕರಿಸುವ ರೂಢಿಯನ್ನು ತಾಳಿ ಕಟ್ಟುವಾಗ ಸಹಿಸಬಹುದು, ಏಕೆಂದರೆ ಸಮ್ಮತಿ ಆಗಲೇ ಮುಗಿದಿರುತ್ತದೆ. ಅದು ಕೆಡುನುಡಿಯನ್ನು ಮುಚ್ಚುವುದಕ್ಕಲ್ಲ, ಕೊಟ್ಟ ಮಾತಿಗೆ ಹರ್ಷಿಸುವುದಕ್ಕೆ. ಆದರೆ ಸಮ್ಮತಿಯನ್ನೇ ಮುಳುಗಿಸಿದರೆ, ಬಲವಂತದ ಮದುವೆಗಳು ಇನ್ನೂ ನಡೆಯುವ ನಾಡಿನಲ್ಲಿ, ಹೆಣ್ಣುಮಗಳ ಸ್ವತಂತ್ರ ದನಿಯನ್ನು ನಾವೇ ಮುಳುಗಿಸಿದಂತೆ.

ಎರಡನೆಯದು ಪ್ರವೇಶ. ರೋಮನ್ ವಿಧಿಯಲ್ಲಿ ಗುರು ಬಾಗಿಲಿಗೆ ಬಂದು ವಧೂವರರಿಬ್ಬರನ್ನೂ ಎದುರುಗೊಳ್ಳುತ್ತಾರೆ; ಇಬ್ಬರೂ ಒಟ್ಟಿಗೆ ಬಲಿಪೀಠದತ್ತ ನಡೆಯುತ್ತಾರೆ. ತಂದೆ ಮಗಳನ್ನು ಕರೆತಂದು ವರನಿಗೆ ಒಪ್ಪಿಸುವ ದೃಶ್ಯ ಅದರಲ್ಲಿಲ್ಲ. ವಾಗ್ನರ್ ಅವರ ನಡೆಗೆ ಬೇಕಾದದ್ದು ಆ ದೃಶ್ಯವೇ. ಹಸೆಗೆ ಕರೆಯುವ ಸೋಬಾನೆಯಾದರೋ ಹೆಣ್ಣನ್ನೂ ಗಂಡನ್ನೂ ಒಂದೇ ಹಸೆಗೆ ಕರೆಯುತ್ತದೆ. ವಿಧಿಯ ಭಾವಕ್ಕೆ ಯಾವುದು ಹತ್ತಿರವೆಂಬುದನ್ನು ಓದುಗರೇ ನಿರ್ಣಯಿಸಬಹುದು. ಎಲ್ಲ ಸೋಬಾನೆಯೂ ಸಲ್ಲುತ್ತದೆಂದು ಇದರ ಅರ್ಥವಲ್ಲ. ಬೀಗರ ಹಾಡು ಊಟದ ಮನೆಗೆ ಸೇರಿದ್ದು. ಮಗಳನ್ನು ಒಡವೆಯಂತೆ ಒಪ್ಪಿಸಿಕೊಡುವ ಹಾಡನ್ನು ಎಚ್ಚರದಿಂದ ಪರಿಶೀಲಿಸಬೇಕು. ಹಾಡುಗಳು ವಿವಾಹ ವಿಧಿಗೆ ಹೊಂದಿಕೊಂಡು ಧರ್ಮಸಭೆಯ ವಿಶ್ವಾಸವನ್ನು ವ್ಯಕ್ತಪಡಿಸಬೇಕೆಂದು ವಿಧಿಯ ಪೀಠಿಕೆ ಕೇಳುತ್ತದೆ. ಧಾಟಿಯನ್ನು ಉಳಿಸಿ ಮಾತನ್ನು ಹೊಸದಾಗಿ ಕಟ್ಟಲು, ತಾಳಿಯ ವಿಷಯದಲ್ಲಿ 1704ರ ಆಜ್ಞೆಯೇ ಮಾದರಿ ಹಾಕಿಕೊಟ್ಟಿದೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಗುರುಪಟ್ಟದ ಮೊದಲ ವರ್ಷಗಳಲ್ಲಿ ಒಂದು ಮದುವೆಯಂದು, ವಧುವಿನ ಅಜ್ಜಿ ಚರ್ಚಿನ ಬಾಗಿಲಲ್ಲಿ ಸೋಬಾನೆ ಎತ್ತಿದಾಗ, 'ಇದು ದೈವಾರಾಧನೆ, ನಿಲ್ಲಿಸಿ' ಎಂದೆ. ಆಕೆ ನಿಲ್ಲಿಸಿದರು. ಮರುಕ್ಷಣವೇ ಕೀಬೋರ್ಡಿನಲ್ಲಿ ಲೋಹೆನ್‌ಗ್ರಿನ್ ನಡೆ ಮೊಳಗಿತು. ಅದನ್ನು ನಾನು ತಡೆಯಲಿಲ್ಲ. ಅದು ಎಲ್ಲಿಂದ ಬಂತೆಂದು ನನಗಾಗ ತಿಳಿದಿರಲಿಲ್ಲ. ಅಜ್ಜಿ ಹಾಡುತ್ತಿದ್ದುದು ಏನೆಂದೂ ನಾನು ಕಿವಿಗೊಟ್ಟಿರಲಿಲ್ಲ.

ಆದುದರಿಂದ ಗುರು ಅಭ್ಯರ್ಥಿಗಳಲ್ಲಿ ನನ್ನ ವಿನಂತಿ ಸರಳವಾದುದು. ಜೋಡಿಯ ಪಟ್ಟಿಯನ್ನು ತಿದ್ದುವ ಮುನ್ನ ಮನೆಯ ಹಿರಿಯಳನ್ನು ಕರೆದು ಕೂರಿಸಿ, ಆಕೆಗೆ ಬರುವ ಹಾಡನ್ನು ಪೂರ್ತಿ ಕೇಳಿ. ಓಲಗದವರು ಬಂದಿದ್ದರೆ ಅವರ ಹೆಸರು ಕೇಳಿ, ಊಟಕ್ಕೆ ಪಂಕ್ತಿಯಲ್ಲಿ ಕೂರಿಸಲಾಗುತ್ತದೆಯೇ ಎಂದು ವಿಚಾರಿಸಿ. ಯಾವ ಹಾಡು ಒಳಗೆ, ಯಾವುದು ಬಾಗಿಲಲ್ಲಿ, ಯಾವುದು ಚಪ್ಪರದಲ್ಲಿ ಎಂಬ ನಿರ್ಣಯ ಆಮೇಲೆ. ಹೆಡತಲೆಯ ದಣ್ಣಾಯಕ ಅಳಿಯಂದಿರೊಬ್ಬೊಬ್ಬರಿಗೂ ಆಸನ ಕಲ್ಪಿಸಿದನೆಂದು ಜನ ನೆನೆಯುತ್ತಾರೆ. ಆ ಮದುವೆಗಳಲ್ಲಿ ಹಾಡಿದವರಿಗೂ ನುಡಿಸಿದವರಿಗೂ ಆಸನವಿತ್ತೇ ಎಂದು ಐತಿಹ್ಯ ಹೇಳುವುದಿಲ್ಲ. ಕುರಿಮರಿಯ ವಿವಾಹದ ಔತಣಕ್ಕೆ ಕರೆಯಲ್ಪಟ್ಟ ಧರ್ಮಸಭೆ ಆ ಪ್ರಶ್ನೆಯನ್ನು ಕೇಳದೆ ಇರಲಾಗದು.